ಶಿವಗಂಗಾಳ ಅಯ್ಯೋ ಅಲೆ

ಇದು ನಡೆದ ಕಥೆ. ಸಿಲ್ಕ್‌ಬೋರ್ಡಿನಲ್ಲಿ ಬಸ್ಸು ಹತ್ತಿ ಕೂತವನಿಗಿಂತ ನಡೆದವನೇ ಮುಂದೆ ಹೋಗುತ್ತಾನೆ, ಹಾಗಾಗಿ ನನ್ನ ಕಥೆಯೂ ನಡೆದದ್ದೇ ಇರಲಿ ಅಂತ ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಬದಲಾಯಿಸಿಲ್ಲ. ನನ್ನ ಹೆಸರೊಂದನ್ನು ಬದಲಾಯಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಆದರೆ ಮಲ್ಲಿಕ್ ಅನ್ನುವ ಹೆಸರು ನನಗೆ ಅಭ್ಯಾಸವಾಗಿಬಿಟ್ಟಿದೆ.

2014ರಲ್ಲಿ ನನ್ನ ಉದ್ಯೋಗ ಜನರಿಗೆ ಟೋಪಿ ಹಾಕುವುದು. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕುಂದಲಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಅಪ್ಪ ಅಮ್ಮನ ತಲೆ ತಿನ್ನುತ್ತಾ ಕೂತಿದ್ದವನನ್ನು ಡಾ. ಶೈಲಜಾ ಮೇಡಂ ತಮ್ಮ ಸಂಶೋಧನೆಗೆ ಸಹಾಯಕನನ್ನಾಗಿ ಸೇರಿಸಿಕೊಂಡಿದ್ದರು. ಹದಿನೆಂಟರಿಂದ ಇಪ್ಪತ್ತನಾಲ್ಕು ವಯಸ್ಸಿನವರ ತಲೆಗೆ ವೈರು ಜೋಡಿಸಿದ ಬಟ್ಟೆ ಟೋಪಿ ಹಾಕಿ, ಒಂದೊಂದು ತೂತಿಗೂ ಅಂಟು ಅಂಟಾದ ಜೆಲ್ ತುಂಬಿ, ಒಳಗಿನ ವಿದ್ಯುತ್ತು ಕಂಪ್ಯೂಟರಿನಲ್ಲಿ ಕಾಣುವಂತೆ ಮಾಡುವುದು ನನ್ನ ಕೆಲಸ. ಅಂಟು ತೊಳೆಯುವುದಕ್ಕೆ ಅನುಕೂಲವಾಗಲಿ ಅಂತ ಮೇಡಂ ಬೊಮ್ಮಸಂದ್ರದಲ್ಲಿ ಮುಚ್ಚಿಹೋಗಿದ್ದ ಬ್ಯೂಟಿ ಪಾರ್ಲರೊಂದನ್ನು ಬಾಡಿಗೆಗೆ ಹಿಡಿದಿದ್ದರು. ತಿರುಗುವ ಕುರ್ಚಿ, ತಲೆ ತೊಳೆಯುವ ಬೇಸಿನ್ನು ಎಲ್ಲ ಅಲ್ಲೇ ಇತ್ತು. ವಾರಕ್ಕಿಬ್ಬರಾದರೂ ಬಾಗಿಲಲ್ಲಿ ಇಣುಕಿ ಹುಬ್ಬು ಮಾಡ್ತೀರಾ ಅಂತ ಕೇಳುತ್ತಿದ್ದರು. ಇಲ್ಲ, ಹುಬ್ಬಿನ ಮೇಲಿನದ್ದು ಮಾತ್ರ ಮಾಡ್ತೀವಿ ಅನ್ನುತ್ತಿದ್ದೆ.

ಪರೀಕ್ಷೆ ಸರಳ. ಪರದೆಯ ಮೇಲೆ ಐದು ಬಾಣ ಬರುತ್ತವೆ, ನಡುವಿನ ಬಾಣ ಯಾವ ಕಡೆಗಿದೆಯೋ ಆ ಕಡೆಯ ಬಟನ್ ಒತ್ತಬೇಕು. ಅಕ್ಕಪಕ್ಕದ ಬಾಣಗಳು ದಾರಿ ತಪ್ಪಿಸುತ್ತವೆ. ಬೇಗ ಒತ್ತಬೇಕಾದ್ದರಿಂದ ಯಾರಾದರೂ ತಪ್ಪು ಮಾಡಲೇಬೇಕು. ತಪ್ಪು ಒತ್ತಿದ ಮರುಗಳಿಗೆ, ಕಣ್ಣು ಮಿಟುಕಿಸುವುದಕ್ಕೂ ಮೊದಲೇ, ನೆತ್ತಿಯ ಹತ್ತಿರ ಒಂದು ಅಲೆ ಏಳುತ್ತದೆ. ಬಾಯಿ ಅಯ್ಯೋ ಅನ್ನುವ ಮೊದಲು ಮೆದುಳು ಅಂದಿರುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಹೆಸರಿದೆ, ಮೇಡಂ ಬಂದವರಿಗೆ ಅರ್ಥವಾಗಲಿ ಅಂತ ಅಯ್ಯೋ ಅಲೆ ಅನ್ನುತ್ತಿದ್ದರು.

ಕೆಲವರಲ್ಲಿ ಈ ಅಲೆ ಎತ್ತರ, ಕೆಲವರಲ್ಲಿ ಗಿಡ್ಡ. ಸದಾ ಆತಂಕದಲ್ಲಿರುವ ಹುಡುಗ ಹುಡುಗಿಯರಲ್ಲಿ ಸಾಮಾನ್ಯವಾಗಿ ಎತ್ತರ ಅಂತ ಮೇಡಂ ಓದಿಕೊಂಡಿದ್ದರು. ಅವರ ಪ್ರಶ್ನೆ ಅದರ ಹಿಂದಿನದು. ಒಂದು ವರ್ಷದಲ್ಲಿ ಬದುಕು ಕೊಟ್ಟ ಪೆಟ್ಟುಗಳು ಹೆಚ್ಚಾದಷ್ಟೂ ಅಲೆ ಎತ್ತರವಾಗುತ್ತದಾ? ಪೆಟ್ಟಿನಿಂದ ಅಲೆ, ಅಲೆಯಿಂದ ಭಯವಾ? ಪೆಟ್ಟಿನಿಂದ ಭಯ, ಭಯದಿಂದ ಅಲೆಯಾ? ಇಲ್ಲಾ ಹುಟ್ಟುವಾಗಲೇ ಎತ್ತರದ ಅಲೆ ಹೊತ್ತವರಿಗೆ ಸಣ್ಣ ಪೆಟ್ಟೂ ದೊಡ್ಡದಾಗಿ ಕಾಣುತ್ತದಾ? ನಾನು ಎಂಟು ತಿಂಗಳು ಅಲ್ಲಿ ಕೆಲಸ ಮಾಡಿದೆ. ಸೇರಿದಾಗ ಇದು ಅರ್ಥವಾಗಿದೆ ಅಂದುಕೊಂಡಿದ್ದೆ, ಬಿಡುವ ಹೊತ್ತಿಗೆ ಅದೂ ಹೋಗಿತ್ತು.

ಇನ್ನು ನನ್ನ ಬಾಯಿಯ ವಿಷಯ ಹೇಳಬೇಕು. ನನಗೆ ಮಿಮಿಕ್ರಿ ಹುಚ್ಚು. ಬಸ್ ಕಂಡಕ್ಟರು, ಕುಕ್ಕರಿನ ಮೂರನೇ ಸೀಟಿ, ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದರು. ಶೈಲಜಾ ಮೇಡಂ ಬಂದು ಸೇರಿದ್ದು ಕೊನೆಗೆ. ಅವರ ಮಾತು ‘ಈಗ ನೋಡಿ’ ಅಂತ ಶುರುವಾಗಿ, ನಡುವೆ ಒಮ್ಮೆ ಮೂಗಿನಲ್ಲಿ ಚಿಕ್ಕದಾಗಿ ಉಸಿರೆಳೆದು, ‘ಸರೀನಾ? ಸರಿ’ ಅಂತ ತಾವೇ ಕೇಳಿ ತಾವೇ ಉತ್ತರ ಕೊಟ್ಟು ಮುಗಿಯುತ್ತಿತ್ತು. ಆ ಮೂಗಿನ ಉಸಿರು ಹಿಡಿಯಲು ನನಗೆ ಮೂರು ವಾರ ಬೇಕಾಯಿತು.

ಶಿವಗಂಗಾ ಬಂದದ್ದು ಆಗಸ್ಟಿನಲ್ಲಿ. ಇಪ್ಪತ್ತು ವರ್ಷ, ಲಿಂಗಸುಗೂರು ಕಡೆಯವಳು, ಔಷಧಿ ಕಂಪನಿಯೊಂದರಲ್ಲಿ ಟ್ರೈನಿ. ಇಂಜೆಕ್ಷನ್ ತುಂಬಿದ ಪುಟ್ಟ ಗಾಜಿನ ಸೀಸೆಗಳಿಗೆ ಅಲ್ಲಿ ವಯಲು ಅನ್ನುತ್ತಾರೆ. ಟ್ಯೂಬ್‌ಲೈಟಿನ ಗೂಡಿನ ಮುಂದೆ ಕೂತು ಒಂದೊಂದೇ ವಯಲನ್ನು ಎತ್ತಿ, ಮೆಲ್ಲಗೆ ತಿರುಗಿಸಿ, ಐದು ಸೆಕೆಂಡು ಬಿಳಿ ಹಲಗೆಯ ಮುಂದೆ, ಐದು ಸೆಕೆಂಡು ಕರಿ ಹಲಗೆಯ ಮುಂದೆ ಹಿಡಿದು ನೋಡುವುದು ಅವಳ ಕೆಲಸ. ಒಳಗೆ ಎಳೆ, ಚೂರು, ಗಾಜಿನ ಪುಡಿ ಕಂಡರೆ ಕೆಂಪು ಟ್ರೇಗೆ. ಇಲ್ಲದಿದ್ದರೆ ಹಸಿರಿಗೆ.

ಆ ಕೆಲಸದಲ್ಲಿ ಒಂದು ಪದ್ಧತಿ ಇದೆ. ನೋಡುವವರ ಕಣ್ಣು ನಿದ್ದೆ ಹೋಗಿದೆಯೋ ಇಲ್ಲವೋ ತಿಳಿಯಲು ಮೇಲ್ವಿಚಾರಕರು ಬೇಕಂತಲೇ ಕೆಟ್ಟ ವಯಲುಗಳನ್ನು ಒಳ್ಳೆಯವುಗಳ ನಡುವೆ ಬಚ್ಚಿಡುತ್ತಾರೆ. ಅದರ ಮೇಲಿನ ಗುರುತು ನೇರಳೆ ದೀಪ ಹಿಡಿದರೆ ಮಾತ್ರ ಕಾಣುತ್ತದೆ. ಯಾವ ದಿನ, ಯಾವ ಟ್ರೇನಲ್ಲಿ, ಎಷ್ಟು ಅಂತ ಯಾರೂ ಹೇಳುವುದಿಲ್ಲ. ಆರು ತಿಂಗಳು ಹೀಗೆ ಕೂತವರಿಗೆ ಏನಾಗುತ್ತದೆ ಅಂತ ನನಗೆ ಗೊತ್ತಾದದ್ದು ಶಿವಗಂಗಾಳ ಮುಂದೆ ಪ್ರಶ್ನೆಪಟ್ಟಿ ಇಟ್ಟಾಗ. ಕಳೆದ ಹನ್ನೆರಡು ತಿಂಗಳಲ್ಲಿ ಇವು ನಿಮಗೆ ಆಗಿವೆಯೇ ಅನ್ನುವ ನಲವತ್ತು ಸಾಲುಗಳ ಪಟ್ಟಿ ಅದು. ಅವಳು ಮೇಲಿಂದ ಕೆಳಗೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು.

“ಅಣ್ಣಾ, ಇದ್ರಾಗ ಖೊಟ್ಟಿ ಎಷ್ಟು ಹಾಕೀರಿ?”

ಒಂದೂ ಇಲ್ಲ ಅಂದೆ. ನಂಬಲಿಲ್ಲ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ರೇಷನ್ ಚೀಟಿ ಓದುವ ದನಿಯಲ್ಲಿ ಹೌದು, ಇಲ್ಲ ಹೇಳುತ್ತಾ ಹೋದಳು. ನಲವತ್ತರಲ್ಲಿ ಹನ್ನೊಂದು ಹೌದು. ಅಪ್ಪ ಸೋಮಪ್ಪ ಪಟ್ಟಂದೂರು ಅಗ್ರಹಾರದಲ್ಲಿ ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು, ಎರಡು ಸಲ ರೂಮು ಬದಲಾದದ್ದು, ತಮ್ಮ ಶಾಲೆ ಬಿಟ್ಟದ್ದು, ನೋಡಿಹೋದ ಗಂಡಿನ ಕಡೆಯವರು ಅಪ್ಪ ಮಲಗಿದ ಮೇಲೆ ಫೋನೆತ್ತದೆ ಹೋದದ್ದು, ಅಜ್ಜಿ ತೀರಿಕೊಂಡದ್ದು. ಪರೀಕ್ಷೆಯಲ್ಲಿ ಫೇಲ್ ಆಗಿದ್ದೀರಾ ಅನ್ನುವ ಸಾಲಿಗೆ ಬಂದಾಗ ಮಾತ್ರ ದನಿ ಸ್ವಲ್ಪ ಅಲ್ಲಾಡಿತು.

ಆಗಿದ್ದಳು. ಟ್ರೈನಿಯಿಂದ ಕಾಯಂ ಆಗಲು ಒಂದು ಪರೀಕ್ಷೆ ಇದೆ. ಇನ್ನೂರು ವಯಲು, ಅದರಲ್ಲಿ ಮೂವತ್ತು ಕೆಟ್ಟವು. ಆ ಮೂವತ್ತನ್ನೂ ಅವಳು ಹಿಡಿದಿದ್ದಳು. ಜೊತೆಗೆ ನಲವತ್ತೊಂದು ಒಳ್ಳೆಯ ವಯಲನ್ನೂ ಕೆಂಪು ಟ್ರೇಗೆ ಹಾಕಿದ್ದಳು. ಒಳ್ಳೆಯವು ಎಂಟರವರೆಗೆ ತಪ್ಪಬಹುದು, ಅದಕ್ಕಿಂತ ಹೆಚ್ಚು ಸುರಿದರೆ ಕಂಪನಿ ಒಪ್ಪುವುದಿಲ್ಲ. ಇನ್ನೊಂದೇ ಅವಕಾಶ ಇತ್ತು, ತಿಂಗಳ ಕೊನೆಯ ಬುಧವಾರ. ಆ ಶನಿವಾರ ಅವಳ ಟ್ರೈನಿ ಅವಧಿ ಮುಗಿಯುತ್ತದೆ. ಪಾಸಾದರೆ ಕಾಯಂ, ಜೊತೆಗೆ ಇಎಸ್‌ಐ ಕಾರ್ಡು, ಕಾರ್ಡಿದ್ದರೆ ಅಪ್ಪನ ಸೊಂಟದ ಆಪರೇಷನ್ನು. ಆಗದಿದ್ದರೆ ಗೇಟ್ ಪಾಸು ವಾಪಸ್ಸು, ಅಪ್ಪ ಮಂಚದ ಮೇಲೆ. ಇದನ್ನೆಲ್ಲ ಅವಳು ಹೇಳಿದ್ದು ನಾನು ನೆತ್ತಿಗೆ ಜೆಲ್ ತುಂಬುತ್ತಿದ್ದಾಗ, ಕನ್ನಡಿಯಲ್ಲಿ ನನ್ನ ಕೈಯನ್ನೇ ನೋಡುತ್ತಾ.

ಬಾಣದ ಪರೀಕ್ಷೆ ಮುಗಿಸಿ ತಲೆ ತೊಳೆದುಕೊಂಡು ಹೋದ ಮೇಲೆ ಅವಳ ಫೋನು ಶುರುವಾಯಿತು. ದಿನಾ ಸಂಜೆ ಐದಕ್ಕೆ, ಶಿಫ್ಟ್ ಬಿಟ್ಟ ಕೂಡಲೇ, ಲ್ಯಾಬಿನ ಲ್ಯಾಂಡ್‌ಲೈನಿಗೆ. ರಿಸಲ್ಟ್ ಬಂತೇನ್ರಿ? ಇದರಲ್ಲಿ ಒಬ್ಬೊಬ್ಬರ ರಿಸಲ್ಟ್ ಅಂತ ಇರೋದಿಲ್ಲ, ನೂರಕ್ಕೂ ಹೆಚ್ಚು ಜನರದ್ದು ಸೇರಿಸಿ ನೋಡ್ತಾರೆ ಅಂತ ನಾನು ದಿನಾ ಹೇಳಿದೆ. ಆತ್ರಿ ಅನ್ನುವಳು, ಮರುದಿನ ಐದಕ್ಕೆ ಮತ್ತೆ ಫೋನು.

ಪರೀಕ್ಷೆಯ ಹಿಂದಿನ ಸೋಮವಾರ ಮೇಡಂ ಮೀಟಿಂಗಿಗೆ ಸಿಟಿಗೆ ಹೋಗಿದ್ದರು. ಮಧ್ಯಾಹ್ನವೆಲ್ಲ ಒಂದು ತಲೆಯೂ ಬಂದಿರಲಿಲ್ಲ. ಐದಕ್ಕೆ ಫೋನು ಹೊಡೆದುಕೊಂಡಿತು. ಕೈ ರಿಸೀವರಿಗೆ ಹೋಗುವಷ್ಟರಲ್ಲಿ ಗಂಟಲಿಗೆ ಮೇಡಂ ಬಂದಿದ್ದರು.

“ಈಗ ನೋಡಿ ಶಿವಗಂಗಾ,” ಅಂದೆ. ಮೂಗಿನ ಉಸಿರು ಎಂದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. “ನಿಮ್ಮ ಅಯ್ಯೋ ಅಲೆ ಎಷ್ಟು ಎತ್ತರ ಅಂದ್ರೆ, ಪಕ್ಕದ ರೂಮಿನ ಕಂಪ್ಯೂಟರೂ ಅಯ್ಯೋ ಅಂತು. ಗಾಜಿನ ಹತ್ತಿರ ಮಾತ್ರ ಹೋಗಬೇಡಿ, ಸಿಡಿದುಬಿಟ್ಟೀತು. ಸರೀನಾ? ಸರಿ.”

ನಗುತ್ತಾಳೆ ಅಂತ ಕಾದೆ. ಪಕ್ಕದ ರೂಮೇ ಇಲ್ಲ ಅನ್ನುವುದು ಅವಳೇ ನೋಡಿದ್ದಳಲ್ಲ, ಪಕ್ಕದ್ದು ಹಾರ್ಡ್‌ವೇರ್ ಅಂಗಡಿ. ಎರಡು ಕ್ಷಣ ಲೈನಿನಲ್ಲಿ ಕಂಪನಿ ಬಸ್ಸಿನ ಹಾರನ್ನು ಮಾತ್ರ ಕೇಳಿಸಿತು. ಆಮೇಲೆ, “ಆತ್ರಿ ಮೇಡಂ,” ಅಂದು ಇಟ್ಟಳು. ಮಾತಾಡಿದ್ದು ನಾನೇ ಅಂತ ಗೊತ್ತಾಗಿದೆ, ಬೇಕಂತಲೇ ನಗಲಿಲ್ಲ ಅಂದುಕೊಂಡು ನಾನು ಟೀ ಕುಡಿಯಲು ಹೋದೆ.

ಮಂಗಳವಾರ ಮಧ್ಯಾಹ್ನ ಒಬ್ಬ ಹೆಂಗಸು ಲ್ಯಾಬಿನ ಬಾಗಿಲಿಗೆ ಬಂದಳು. ಹುಬ್ಬಿನವಳು ಅಂದುಕೊಂಡೆ. ಅವಳು ಚನ್ನಕ್ಕ, ಅದೇ ಕಂಪನಿಯಲ್ಲಿ ಸೀಸೆ ತೊಳೆಯುವ ವಿಭಾಗದವಳು, ಶಿವಗಂಗಾ ಇದ್ದ ವಠಾರದಲ್ಲೇ ಇರುವವಳು. ಏನಪ್ಪಾ ಹೇಳಿದ್ರಿ ಆ ಹುಡುಗಿಗೆ ಅಂತ ನೇರವಾಗಿ ಕೇಳಿದಳು. ಶಿವಗಂಗಾ ಬೆಳಿಗ್ಗೆ ಮೇಲ್ವಿಚಾರಕ ಮಡಿವಾಳಪ್ಪನವರಿಗೆ ಕಾಗದ ಬರೆದು ಕೊಟ್ಟಿದ್ದಾಳಂತೆ. ನನ್ನ ತಲೆಯ ಅಲೆ ಎತ್ತರ ಇದೆ ಅಂತ ಡಾಕ್ಟರು ಹೇಳಿದ್ದಾರೆ, ನಾಳೆಯ ಪರೀಕ್ಷೆಗೆ ಕೂರುವುದಿಲ್ಲ, ಗಾಜು ಮುಟ್ಟುವುದಿಲ್ಲ. ಮಡಿವಾಳಪ್ಪ ಅದನ್ನು ಆಫೀಸಿಗೆ ಕಳಿಸದೆ ಅಂಗಿ ಜೇಬಿನಲ್ಲಿ ಮಡಚಿಟ್ಟುಕೊಂಡು, ಬುಧವಾರ ಹತ್ತು ಗಂಟೆಯವರೆಗೆ ಇಲ್ಲೇ ಇರುತ್ತೆ, ಆಮೇಲೆ ಕಳಿಸಲೇಬೇಕು ಅಂದರಂತೆ.

ನನ್ನ ನೆತ್ತಿಯಲ್ಲಿ ಎದ್ದದ್ದು ಎಷ್ಟು ಎತ್ತರ ಇತ್ತು ಅಂತ ಅಳೆಯಲು ಆಗ ಟೋಪಿ ಹಾಕಿರಲಿಲ್ಲ.

ಸಂಜೆ ಐದಕ್ಕೆ ಕಂಪನಿ ಗೇಟಿನ ಬಸ್ ಸ್ಟಾಪಿನಲ್ಲಿ ಅವಳನ್ನು ಹಿಡಿದೆ. ಸೋಮವಾರ ಮಾತಾಡಿದ್ದು ಮೇಡಂ ಅಲ್ಲ, ನಾನು, ತಮಾಷೆಗೆ ಅಂತ ಹೇಳಿದೆ. ಅವಳು ನನ್ನ ಮುಖವನ್ನು ಹತ್ತು ಸೆಕೆಂಡು ನೋಡಿದಳು. ಅರ್ಧ ಬಿಳಿ ಹಲಗೆಗೆ, ಅರ್ಧ ಕರಿ ಹಲಗೆಗೆ.

“ಇದೂ ಪರೀಕ್ಷಾ ಏನ್ರಿ?” ಅಂದಳು.

ಅವಳ ಲೆಕ್ಕ ಅವಳಿಗಿತ್ತು. ಪರೀಕ್ಷೆಯ ಹಿಂದಿನ ದಿನ ಒಬ್ಬ ಬಂದು, ನಿನ್ನೆ ಹೇಳಿದ್ದು ಸುಳ್ಳು, ನಿನಗೇನೂ ಆಗಿಲ್ಲ, ಹೋಗಿ ಕೂರು ಅನ್ನುತ್ತಾನೆ. ಇಷ್ಟು ಚೊಕ್ಕವಾಗಿ ಬಂದದ್ದು ಬೇಕಂತಲೇ ಬಚ್ಚಿಟ್ಟದ್ದೇ ಇರಬೇಕು. ಅವರ ಗೂಡಿನಲ್ಲಿ ಹೆಚ್ಚು ಹೊಳೆಯುವ ವಯಲನ್ನೇ ಮೊದಲು ಅನುಮಾನಿಸುವುದಂತೆ. ಸಾಬೀತು ಮಾಡುತ್ತೇನೆ ಅಂತ ಅಲ್ಲೇ ಮೇಡಂ ದನಿ ತೆಗೆದೆ. ಎಂದೂ ಕೈಕೊಡದ ಗಂಟಲು ಆಗ ಒಣಗಿಹೋಗಿತ್ತು. ಬಂದದ್ದು ನೆಗಡಿಯಾದ ನಮ್ಮ ತಾತನ ದನಿ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ನನ್ನನ್ನು ನೋಡಿ ಸ್ವಲ್ಪ ದೂರ ಸರಿದರು.

“ಮೇಡಂ ಹಿಂಗ ಮಾತಾಡಂಗಿಲ್ರಿ ಅಣ್ಣಾ,” ಅಂತ ಮೆತ್ತಗೆ ಹೇಳಿ ಅವಳು ಬಸ್ಸು ಹತ್ತಿದಳು. ನನ್ನ ಬಗ್ಗೆ ಅವಳಿಗೆ ಕನಿಕರ ಬಂದಿತ್ತು.

ಉಳಿದದ್ದು ಒಂದೇ ದಾರಿ. ಲ್ಯಾಬಿಗೆ ವಾಪಸ್ ಬಂದು ಮೇಡಂಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಸಂಶೋಧನೆಗೆ ಬಂದವರಿಗೆ ನಮ್ಮಿಂದ ತೊಂದರೆಯಾದರೆ ಅದನ್ನು ಸಂಶೋಧನೆಯ ನೀತಿ ಸಮಿತಿಗೆ ಬರೆದು ತಿಳಿಸಬೇಕು, ನಾಳೆ ಬರೆಯುತ್ತೇನೆ, ಕಾರಣ ಅನ್ನುವ ಕಡೆ ಸಹಾಯಕನ ಬಾಯಿ ಅಂತ ಬರೆಯುತ್ತೇನೆ ಅಂದರು. ಅವಳು ಆ ಹನ್ನೊಂದು ಪೆಟ್ಟನ್ನೂ ನಿನ್ನ ಮುಂದೇನೇ ಹೇಳಿದ್ದಲ್ವಾ ಅಂತ ಒಂದು ಸಲ ಕೇಳಿದರು. ನಾನು ಹೌದು ಅಂದೆ. ಆಮೇಲೆ ತಮ್ಮ ಮೊಬೈಲಿನಿಂದ ಶಿವಗಂಗಾಳಿಗೆ ಫೋನು ಮಾಡಿ, ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು.

“ಈಗ ನೋಡಿ ಶಿವಗಂಗಾ, ನಾನು ಶೈಲಜಾ ಮಾತಾಡ್ತಿರೋದು.”

ಆ ಕಡೆಯಿಂದ ಒಂದು ನಿಟ್ಟುಸಿರು ಬಂತು.

“ಈಗ ಛಲೋ ಬಂತು ನೋಡ್ರಿ ಮಲ್ಲಿಕಣ್ಣಾ. ಬಸ್ ಸ್ಟಾಪಿನ್ಯಾಗ ಬಂದಿರ್ಲಿಲ್ಲ. ಮೂಗಿಂದು ಒಂಚೂರು ಜಾಸ್ತಿ ಆತು, ಕಡಿಮಿ ಮಾಡ್ರಿ.”

ಮೇಡಂ ನನ್ನ ಕಡೆ ತಿರುಗಿ ನೋಡಿದರು. ನಾನು ಬೇಸಿನ್ನಿನ ಕಡೆ ನೋಡಿದೆ. ಅವರು ನಾನೇ ಶೈಲಜಾ, ನಿಜವಾಗಿಯೂ ನಾನೇ ಅಂತ ಮೂರು ಸಲ ಹೇಳಿದರು. ಪ್ರತಿ ಸಲವೂ ದನಿ ಸ್ವಲ್ಪ ಸ್ವಲ್ಪ ಬೇರೆಯಾಗುತ್ತಾ ಹೋಯಿತು, ಕೊನೆಗೆ ನನಗೇ ಅನುಮಾನ ಬಂತು. ಶಿವಗಂಗಾ ಅಪ್ಪನಿಗೆ ಊಟ ಬಡಿಸಬೇಕು ಅಂತ ಫೋನಿಟ್ಟಳು.

ಬುಧವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಮೇಡಂ ಮತ್ತು ನಾನು ಕಂಪನಿ ಗೇಟಿನ ಎದುರಿನ ಟೀ ಅಂಗಡಿಯಲ್ಲಿದ್ದೆವು. ಮಡಿವಾಳಪ್ಪನವರು ಅಲ್ಲೇ ಟೀ ಕುಡಿಯುವುದು ಅಂತ ಚನ್ನಕ್ಕ ಹೇಳಿದ್ದಳು. ಐವತ್ತರ ಮೇಲಿನ ಮನುಷ್ಯ, ಹಾವೇರಿ ಕಡೆಯವರು, ಇಪ್ಪತ್ತೆರಡು ವರ್ಷ ಬೆಳಕಿನ ಗೂಡಿನ ಮುಂದೆ ಕೂತು ಕಣ್ಣಿನ ಸುತ್ತ ಸುಕ್ಕು ಗಳಿಸಿದವರು. ಲೋಟವನ್ನೂ ಕುಡಿಯುವ ಮೊದಲು ಒಮ್ಮೆ ತಿರುಗಿಸಿ ನೋಡುತ್ತಿದ್ದರು. ಶಿವಗಂಗಾ ಚನ್ನಕ್ಕನ ಜೊತೆ ಬಂದಳು. ರಾತ್ರಿ ನಿದ್ದೆ ಮಾಡಿದವಳ ಹಾಗೆ ಕಾಣಲಿಲ್ಲ. ಮೇಡಂ ಮತ್ತು ನಾನು ಒಟ್ಟಿಗೆ ನಿಂತದ್ದನ್ನು ನೋಡಿ ಇನ್ನಷ್ಟು ಗಾಬರಿಯಾದಳು. ಸೋಮವಾರದ್ದು ಯಾರು, ನಿನ್ನೆಯದು ಯಾರು, ಯಾವುದು ಖರೆ, ಯಾವುದು ಖೊಟ್ಟಿ ಅಂತ ಮಡಿವಾಳಪ್ಪನವರನ್ನು ಕೇಳಿದಳು. ನಮ್ಮನ್ನು ಕೇಳುವುದನ್ನು ಬಿಟ್ಟೇಬಿಟ್ಟಿದ್ದಳು.

ಮಡಿವಾಳಪ್ಪನವರು ಟೀ ಮುಗಿಸಿ, ಇದಕ್ಕೆ ಇಷ್ಟು ಯಾಕೆ, ನಿನ್ನ ಕೆಲಸವೇ ಇದಲ್ಲವಾ ಅಂದರು. ಅವಳನ್ನು ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿದರು. ನಮ್ಮಿಬ್ಬರನ್ನು ಅಂಗಡಿಯ ತಗಡಿನ ಹಿಂದೆ ಕಳಿಸಿದರು. ಒಬ್ಬರಾದ ಮೇಲೆ ಒಬ್ಬರು ಒಂದೇ ಮಾತು ಹೇಳಬೇಕು, ಅವಳು ಯಾವುದು ಮೇಡಂದು ಅಂತ ಹೇಳಬೇಕು. ಮೊದಲು ನನಗೆ ಸನ್ನೆ ಮಾಡಿದರು. ಬಿಸಿ ಟೀ ಇಳಿದಿದ್ದಕ್ಕೋ ಏನೋ ಗಂಟಲು ಸರಿಯಾಗಿತ್ತು.

“ಈಗ ನೋಡಿ ಶಿವಗಂಗಾ, ಟೈಮು ಒಂಬತ್ತಾಯ್ತು. ಸರೀನಾ? ಸರಿ.”

ಆಮೇಲೆ ಮೇಡಂ. ಪಾಪ, ಅವರು ಎಂದೂ ತಾವು ಹೇಗೆ ಮಾತಾಡುತ್ತೇವೆ ಅಂತ ಯೋಚಿಸಿದವರಲ್ಲ, ಅಂದು ಯೋಚಿಸಿಬಿಟ್ಟರು. ಶಾಲೆಯ ಮಗು ಪದ್ಯ ಒಪ್ಪಿಸಿದ ಹಾಗೆ, ಮೂಗಿನ ಉಸಿರೇ ಇಲ್ಲದೆ, ಒಂದೊಂದೇ ಶಬ್ದ ಇಟ್ಟರು.

ಶಿವಗಂಗಾ ತಲೆ ವಾಲಿಸಿ ಕೇಳಿದಳು. “ಮೊದಲನೇದು ಮೇಡಂದು ರಿ,” ಅಂದಳು. “ಎರಡನೇದು ಒಗೀರಿ.”

ಟೀ ಅಂಗಡಿಯವನು ಆ ಕಡೆ ತಿರುಗಿ ಲೋಟ ತೊಳೆಯತೊಡಗಿದ. ಮೇಡಂ ತಗಡಿನ ಹಿಂದಿನಿಂದ ಈಚೆ ಬಂದರು. ಈಗ, ಯಾರೂ ಕೇಳದೇ ಇದ್ದಾಗ, ಮೂಗಿನ ಉಸಿರು ತಾನಾಗಿ ಬಂತು. ಶಿವಗಂಗಾಳ ಮುಖ ಬಿಳುಪೇರಿತು. ಕೈ ಬಾಯಿಗೆ ಹೋಯಿತು. ತಪ್ಪು ಬಟನ್ ಒತ್ತಿದವರ ಮುಖ ನಾನು ಎಷ್ಟೋ ನೋಡಿದ್ದೆ, ಹೀಗೆ ಆದದ್ದನ್ನು ನೋಡಿರಲಿಲ್ಲ. ಡಾಕ್ಟರನ್ನೇ ಕೆಂಪು ಟ್ರೇಗೆ ಹಾಕಿಬಿಟ್ಟಿದ್ದಳು.

ಆಮೇಲೆ ಅವಳು ಕೇಳಿದ್ದು ನಾನು ಅಂದುಕೊಂಡ ಪ್ರಶ್ನೆಯಲ್ಲ. ಸೋಮವಾರದ್ದು ಅಣ್ಣಂದೇ ಇರಲಿ, ಹಂಗಾದ್ರ ನನ್ನ ಅಲೆ ಗಿಡ್ಡ ಅಂತ ಅಲ್ಲೇನು ಅಂದಳು. ಮೇಡಂ ಸುಮ್ಮನೆ ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವರು ಹಾಗೆ ಹೇಳುವವರಲ್ಲ. ಒಬ್ಬರ ಅಲೆ ನೋಡಿ ಏನೂ ಹೇಳೋಕೆ ಆಗಲ್ಲ, ನೂರಅರವತ್ತು ಜನರದ್ದು ಸೇರಿದ ಮೇಲೆ ಏನಾದರೂ ಹೇಳಬಹುದು, ಅದೂ ಗ್ಯಾರಂಟಿ ಇಲ್ಲ ಅಂದರು. ಶಿವಗಂಗಾ ಅನುಮಾನದ ವಯಲನ್ನು ಹಿಡಿದಂತೆ ಆ ಮಾತನ್ನು ಹಿಡಿದಳು. ಹೇಳೋಕೆ ಆಗಲ್ಲ ಅಂದರೆ ಎತ್ತರ ಇದೆ ಅಂತಲೇ ಅರ್ಥ ಅಂದಳು. ಒಂಬತ್ತು ಇಪ್ಪತ್ತಾಗಿತ್ತು. ಮಡಿವಾಳಪ್ಪನವರ ಜೇಬಿನಲ್ಲಿ ಕಾಗದದ ಅಂಚು ಕಾಣುತ್ತಿತ್ತು.

ಆಗ ಮಾತಾಡಿದ್ದು ಅವರು.

“ಅಲ್ಲವ್ವಾ, ಒಂದು ಲಾಟಿನಾಗೆ, ಸಾವಿರ ವಯಲು ಅಂತಿಟ್ಕೋ, ನೂರಕ್ಕೆ ಎರಡು ಕೆಟ್ಟವು ಅಂತ ಮೇಲಿಂದ ಹೇಳಿ ಕಳಿಸಿದ್ರು ಅನ್ನು. ನಿನ್ನ ಕೈಯಾಗಿರೋದು ಕೆಟ್ಟದ್ದೋ ಒಳ್ಳೇದೋ?”

ಅವಳು ಯೋಚಿಸಲೇ ಇಲ್ಲ. “ಅದು ಹೆಂಗ ಗೊತ್ತಾಗತೈತ್ರಿ? ನೋಡಬೇಕಲ್ಲ.”

“ಮೇಡಂ ಹೇಳ್ತಿರೋದೂ ಅದೇ. ಲಾಟಿನ ಸುದ್ದಿ ಅವರಿಗೆ ಗೊತ್ತಾಗ್ತದೆ, ನಿನ್ನ ಸುದ್ದಿ ಅವರಿಗೆ ಗೊತ್ತಿಲ್ಲ. ಹತ್ತು ಗಂಟೆಗೆ ಬಂದು ನೋಡು.”

ಶಿವಗಂಗಾ ಮೇಡಂ ಕಡೆ ನೋಡಿದಳು. ಮೇಡಂ ತಾವು ತಿಂಗಳುಗಟ್ಟಲೆ ಇಂಗ್ಲಿಷಿನಲ್ಲಿ ಬರೆಯಲು ಒದ್ದಾಡುತ್ತಿದ್ದುದು ಇದೇ ಅನ್ನುವ ಮುಖ ಮಾಡಿ ತಲೆಯಾಡಿಸಿದರು. ಶಿವಗಂಗಾ ಕೈ ಚಾಚಿದಳು. ಮಡಿವಾಳಪ್ಪನವರು ಕಾಗದ ಕೊಟ್ಟರು. ಅವಳು ಅದನ್ನು ಹರಿಯಲಿಲ್ಲ, ಇನ್ನೂ ಚಿಕ್ಕದಾಗಿ ಮಡಚಿ ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಒಳಗೆ ಹೋದಳು.

ಮೇಡಂ ಅಂದು ಲ್ಯಾಬಿಗೆ ಬರಬೇಕಿದ್ದ ಇಬ್ಬರ ಪರೀಕ್ಷೆ ರದ್ದು ಮಾಡಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತರು. ನಾನೂ ಕೂತೆ. ಮೂರು ಗಂಟೆ ಕೂತೆವು. ನಡುವೆ ಒಮ್ಮೆ ಅವರು, ನಾನು ನಿಜವಾಗ್ಲೂ ಮೂಗಿನಲ್ಲಿ ಉಸಿರೆಳೀತೀನಾ ಅಂತ ಕೇಳಿದರು. ಇಲ್ಲ ಮೇಡಂ ಅಂದೆ. ಅವರು ಉಸಿರೆಳೆದರು. ಆಮೇಲೆ ಇಬ್ಬರೂ ಒಂದೇ ವಿಷಯಕ್ಕೆ ಬಂದು ನಿಂತೆವು. ಅವಳು ಫೇಲಾದರೆ ಕಾರಣ ನಾನಾ, ಹನ್ನೊಂದು ಪೆಟ್ಟಾ, ಅಲೆಯಾ? ಪಾಸಾದರೆ? ಮೇಡಂ ಕರವಸ್ತ್ರದ ಮೇಲೆ ಬೆರಳಿನಲ್ಲಿ ಬಾಣ ಬರೆಯುತ್ತಿದ್ದರು, ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ನನಗೆ ತಲೆ ಸುತ್ತಿತು.

ಒಂದು ಗಂಟೆಗೆ ಊಟದ ಬೆಲ್ಲಾಯಿತು. ಮೊದಲು ಮಡಿವಾಳಪ್ಪನವರು ಗೇಟಿನ ಈಚೆ ಬಂದರು, ಹಿಂದೆ ಶಿವಗಂಗಾ, ಅವಳ ಹಿಂದೆ ಚನ್ನಕ್ಕ. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಮಡಿವಾಳಪ್ಪನವರು ಲೋಟ ತಿರುಗಿಸಿ ನೋಡಿ, ಟೀ ಒಂದು ಗುಟುಕು ಕುಡಿದು, ಆಮೇಲೆ ಹೇಳಿದರು. ಕೆಟ್ಟವು ಮೂವತ್ತಕ್ಕೆ ಮೂವತ್ತೂ ಹಿಡಿದಿದ್ದಾಳೆ. ಒಳ್ಳೆಯವು ಆರು ಹೋಗಿವೆ. ಎಂಟರ ಒಳಗೆ. ಶನಿವಾರ ಕಾಯಂ ಕಾಗದ, ಅದರ ಜೊತೆಗೇ ಇಎಸ್‌ಐ ಫಾರಂ, ಅದರಲ್ಲಿ ಅಪ್ಪನ ಹೆಸರು ಸರಿಯಾಗಿ ಬರೆಯುವುದು ಅವಳ ಜವಾಬ್ದಾರಿ.

ಚನ್ನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬೆಂಚಿನಿಂದಲೇ ಎಲ್ಲರಿಗೂ ಟೀ ಹೇಳಿದೆ. ಮೇಡಂ ಮಾತ್ರ ಸಂಶೋಧಕರಾಗಿಬಿಟ್ಟರು. ನಲವತ್ತೊಂದು ಇದ್ದದ್ದು ಆರು ಹೇಗಾಯಿತು, ಒಳಗೆ ಅಯ್ಯೋ ಅಂತ ಅನ್ನಿಸಲೇ ಇಲ್ಲವಾ ಅಂತ ಕೇಳಿದರು.

“ಅನ್ನಸ್ತು ಮೇಡಂ. ಭಾಳ ಸಲ ಅನ್ನಸ್ತು,” ಅಂದಳು ಶಿವಗಂಗಾ. “ಮೊದಲಾದ್ರ ಅದು ಅಯ್ಯೋ ಅಂದ ಕೂಡ್ಲೆ ಕೆಂಪು ಟ್ರೇಕ್ಕ ಒಗದುಬಿಡ್ತಿದ್ದೆ. ಇವತ್ತು ಅದು ಅಂದಾಗೆಲ್ಲ, ತಡಿ, ಇದು ಮಲ್ಲಿಕಣ್ಣ ಒಳಗ ಕುಂತು ದನಿ ಮಾಡಾಕತ್ತಾನೋ ಏನೋ, ಇನ್ನೊಮ್ಮೆ ನೋಡೂಣು ಅಂದೆ.”

ಮೇಡಂ ಬ್ಯಾಗಿನಿಂದ ಪೆನ್ನು ತೆಗೆದವರು ಎಲ್ಲಿ ಬರೆಯಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡರು. ಇದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ, ನಾನು ಕ್ಷಮೆ ಕೇಳಬೇಕೋ ಬೇಡವೋ ಅಂತ ನನಗೂ ಹೊಳೆಯಲಿಲ್ಲ. ಆದರೂ ಕೇಳಿದೆ. ಕೇಳಬೇಕಾದದ್ದು ನನ್ನ ದನಿಯಲ್ಲೇ, ಆದರೆ ಮೂರು ಗಂಟೆ ಮೇಡಂ ಪಕ್ಕದಲ್ಲಿ ಕೂತದ್ದಕ್ಕೋ ಏನೋ, ಬಾಯಿ ತೆರೆದರೆ ‘ಈಗ ನೋಡಿ ಶಿವಗಂಗಾ’ ಅಂತ ಬಂದುಬಿಟ್ಟಿತು, ಮೂಗಿನ ಸಮೇತ.

ಮಡಿವಾಳಪ್ಪನವರು ಟೀ ಚೆಲ್ಲಿಕೊಂಡರು. ಚನ್ನಕ್ಕ ಅಳುತ್ತಲೇ ನಕ್ಕಳು. ಮೇಡಂ ತಡೆದುಕೊಳ್ಳಲು ನೋಡಿ ಸೋತರು. ನಾನೂ ನಕ್ಕೆ, ಯಾಕೆ ಅಂತ ತಿಳಿಯದೆ. ಇವರೆಲ್ಲರ ಮೇಲೆ ಕೇಳಿಸುತ್ತಿದ್ದದ್ದು ಶಿವಗಂಗಾಳ ನಗು. ಊಟದ ಡಬ್ಬಿಯ ಚೀಲ ಎದೆಗೆ ಒತ್ತಿಕೊಂಡು, ಬಗ್ಗಿ, ಉಸಿರು ಸಿಗದೆ ನಗುತ್ತಿದ್ದಳು. ಏನಾಯ್ತೋ ಅಂತ ಸೆಕ್ಯುರಿಟಿಯವನು ಕ್ಯಾಬಿನ್ನಿನಿಂದ ಎದ್ದು ಬಂದ. ಅವಳು ಅವನಿಗೆ ನನ್ನನ್ನು ತೋರಿಸಿ ಏನೋ ಹೇಳಲು ಹೋದಳು, ಮಾತು ಹೊರಡಲಿಲ್ಲ, ಮತ್ತೆ ನಕ್ಕಳು.